ಮನೆಯೊಡೆಯನ ಧರ್ಮ



ಪಟ್ಟಣದಲ್ಲಿ ಸ್ವಂತಕ್ಕೊಂದು ಮನೆಯನ್ನು ಕಟ್ಟಿ, ಅದರ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟು, ಆ ವರಮಾನದಿಂದ ಮುಪ್ಪಿನ ಕಾಲವನ್ನು ನೆಮ್ಮದಿಯಾಗಿ ಕಳೆಯಬೇಕೆಂಬುದು ನಮ್ಮಲ್ಲಿ ಅನೇಕ ಗೃಹಸ್ಥರ ಆಸೆ. ಆಸೆ ಯುಕ್ತವಾದುದೇ. ಆದರೆ ಮನೆ ಕಟ್ಟುವಾಗ ಮೇಸ್ತ್ರಿಯಿಂದ ಮೊದಲ್ಗೊಂಡು ನೆಂಟರಿಷ್ಟರವರೆಗೆ ಎಲ್ಲರ ಸಲಹೆಯನ್ನೂ ಕೇಳುವ ನಾವು, ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಡುವ ಬಗೆ ಹೇಗೆಂದು ಯಾರನ್ನೂ ಕೇಳುವುದಿಲ್ಲ. ಬೀಗದ ಕೈ ಕೊಟ್ಟು ಬಾಡಿಗೆ ಎಣಿಸಿಕೊಳ್ಳುವುದರಲ್ಲಿ ಕಲಿಯತಕ್ಕದ್ದೇನಿದೆ ಎಂಬುದು ನಮ್ಮ ಭಾವನೆ. ನನ್ನ ಭಾವನೆಯೂ ಹಾಗೆಯೇ ಇದ್ದಿತು. ಅದು ತಪ್ಪೆಂದು ತಿಳಿದ ಸಂದರ್ಭವನ್ನು ಮೊದಲು ಅರಿಕೆ ಮಾಡುತ್ತೇನೆ.

ನಮ್ಮ ಮನೆಯ ಕೆಳಭಾಗದಲ್ಲಿ ಉಪಾಧ್ಯಾಯರೊಬ್ಬರು ಆರು ವರ್ಷ ಸಂಸಾರಸಮೇತರಾಗಿ ವಾಸವಾಗಿದ್ದರು. ಒಂದು ತಿಂಗಳಾದರೂ ಬಾಡಿಗೆ ತಡವಾಗಲಿಲ್ಲ. ವರ್ಗವಾಗಿ ಅವರು ಹೊರಡುವ ದಿನ, ನಡುಮನೆಯ ಗೋಡೆ ತೇವವುಂಡು ಸುಣ್ಣ ಕಿತ್ತುಬಂದಿದ್ದುದನ್ನು ಕಂಡೆ. ನೀರನ್ನು ಅಜಾಗರೂಕತೆಯಿಂದ ಬಳಸಿದಿರೆಂದು ಅವರ ಮೇಲೆ ಆಕ್ಷೇಪ ಹೊರಿಸಿ, ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆಯಷ್ಟನ್ನು ಹಿಡಿದುಕೊಂಡೆ. “ಇದು ನಮ್ಮಿಂದ ಆದುದಲ್ಲ, ಸ್ವಾಮಿ” ಎಂದು ಒಮ್ಮೆ ಹೇಳಿ ಅವರು ಸುಮ್ಮನಾದರು. ಸಾಮಾನು ತುಂಬಿದ ಗಾಡಿ ಬೀದಿಯಲ್ಲಿ ಕಾದಿದ್ದಿತು. ವಾದಿಸಲು ಅವರಿಗೆ ಹೊತ್ತೆಲ್ಲಿ? ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಿದೆ. ಮನೆ ಇನ್ನೂ ಖಾಲಿ ಇರುವಾಗಲೇ, ಎರಡು ತಿಂಗಳೊಳಗೆ, ಅದೇ ಸ್ಥಳದಲ್ಲಿ ತೇವ ಮತ್ತೆ ಮೂಡಿತು. ಕೆಲಸದವನು ಗೋಡೆ ಒಡೆದು ನೋಡಿದಾಗ, ಮೇಲಿನ ನನ್ನ ಬಚ್ಚಲಿನಿಂದ ಇಳಿದ ಕೊಳವೆ ಬಿರುಕುಬಿಟ್ಟಿದ್ದುದು ಕಾಣಿಸಿತು. ಆ ದಿನವೇ ಉಪಾಧ್ಯಾಯರಿಗೆ ಕಾಗದ ಬರೆದು ಹಣವನ್ನು ಕಳುಹಿಸಿದೆ. ಹಣ ತಲಪಿತೆಂದು ಅವರು ತಿಳಿಸಿದರು. ಅದಕ್ಕಿಂತ ಹೆಚ್ಚಾಗಿ ಒಂದು ಮಾತೂ ಬರೆಯಲಿಲ್ಲ. ಆರು ವರ್ಷದ ವಿಶ್ವಾಸವನ್ನು ನಾನು ಒಂದು ಬೆಳಗಿನಲ್ಲಿ ಕಳೆದುಕೊಂಡಿದ್ದೆ.

ಈ ಪ್ರಮಾದಕ್ಕೆ ಕಾರಣ ನನ್ನ ಲೋಭವೊಂದೇ ಅಲ್ಲ. ಪದ್ಧತಿಯಿಲ್ಲದಿದ್ದುದೂ ಒಂದು ಕಾರಣ. ಅವರು ಬಂದಾಗ ಮನೆ ಹೇಗಿದ್ದಿತೆಂಬುದಕ್ಕೆ ನನ್ನಲ್ಲಿ ಬರೆವಣಿಗೆಯ ಆಧಾರವೇ ಇರಲಿಲ್ಲ. ಆದಕಾರಣ ಮೊದಲನೆಯ ನಿಯಮವಿದು: ಬೀಗದ ಕೈ ಕೊಡುವ ದಿನ ಇಬ್ಬರೂ ಕೂಡಿ ಮನೆಯನ್ನೆಲ್ಲ ಸುತ್ತಿ ನೋಡಿ, ಗೋಡೆ, ನೆಲ, ಬಾಗಿಲು, ನಲ್ಲಿ, ದೀಪದ ಗುಂಡಿಗಳ ಸ್ಥಿತಿಯನ್ನು ಬರೆದು, ಇಬ್ಬರೂ ರುಜು ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳತಕ್ಕದ್ದು. ಛಾಯಾಚಿತ್ರಗಳನ್ನೂ ತೆಗೆದಿಟ್ಟರೆ ಇನ್ನೂ ಲೇಸು. ಬಿಡುವ ದಿನ ಅದೇ ಪಟ್ಟಿಯನ್ನು ಹಿಡಿದು ಮತ್ತೊಮ್ಮೆ ಸುತ್ತಬೇಕು. 1882ರ ಸ್ವತ್ತು ವರ್ಗಾವಣೆಯ ಶಾಸನವು, ತಿಳಿದಿದ್ದರೂ ಮೇಲ್ನೋಟಕ್ಕೆ ಕಾಣದಿರುವ ಮುಖ್ಯವಾದ ದೋಷವನ್ನು ಒಡೆಯನು ಮೊದಲೇ ತಿಳಿಸಬೇಕೆಂದು ವಿಧಿಸುತ್ತದೆ. ಬಾಡಿಗೆಯವನು ಮನೆಯನ್ನು ಬಂದಾಗಿನ ಸ್ಥಿತಿಯಲ್ಲಿಯೇ ಒಪ್ಪಿಸಬೇಕೆಂದರೂ, ಸಹಜವಾದ ಸವೆತವನ್ನು ಅವನ ಲೆಕ್ಕಕ್ಕೆ ಸೇರಿಸುವುದಿಲ್ಲ. ಆರು ವರ್ಷದಲ್ಲಿ ಬಣ್ಣ ಮಾಸುವುದು ಕಾಲದ ಕೆಲಸ, ಬಾಡಿಗೆಯವನ ಅಪರಾಧವಲ್ಲ.

ಎರಡನೆಯದು ಮುಂಗಡದ ವಿಷಯ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬೆಂಗಳೂರಿನಲ್ಲಿ ಬಹುಕಾಲ ಬೇರೂರಿ ಬಂದುದು. ಕೇಂದ್ರ ಸರ್ಕಾರವು 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಶಾಸನವು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮಿತಿಯಾಗಿ ಇಟ್ಟಿತು. ಮಾದರಿಯೆಂದಮೇಲೆ, ಆಯಾ ರಾಜ್ಯವು ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಶಾಸನದ ಬಲ. ಆದರೂ ಅದರ ಹಿಂದಿನ ನ್ಯಾಯ ಎಲ್ಲರಿಗೂ ಸಲ್ಲುವಂಥದು. ಮುಂಗಡವು ನಮ್ಮ ವರಮಾನವಲ್ಲ. ನಮ್ಮಲ್ಲಿ ಇಟ್ಟ ನ್ಯಾಸ. ಅದನ್ನು ಮಗಳ ಮದುವೆಗೋ ಮೇಲಂತಸ್ತಿಗೋ ವೆಚ್ಚಮಾಡಿ, ಹೊಸ ಬಾಡಿಗೆಯವನು ಬಂದಮೇಲೆ ಹಳಬನಿಗೆ ಕೊಡುವೆನೆನ್ನುವುದು ಪರರ ಹಣದಲ್ಲಿ ಸಂಸಾರ ಮಾಡಿದಂತೆ. ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟರೆ, ಕೇಳಿದ ದಿನ ಕೊಡಬಹುದು.

ಮೂರನೆಯದು ದುರಸ್ತಿ. ಈ ವಿಷಯದಲ್ಲಿ ಲಂಡನ್ ನಗರದ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯ ಕೆಲಸ ಸ್ಮರಣೀಯವಾದುದು. 1865ರಲ್ಲಿ ಪ್ರಸಿದ್ಧ ಲೇಖಕ ಜಾನ್ ರಸ್ಕಿನ್ ಕೊಂಡುಕೊಟ್ಟ, ಬಡವರು ಕಿಕ್ಕಿರಿದು ವಾಸವಾಗಿದ್ದ ಮೂರು ಹಾಳು ಮನೆಗಳ ಆಡಳಿತವನ್ನು ಆಕೆ ವಹಿಸಿಕೊಂಡಳು. ಹಾಕಿದ ಬಂಡವಾಳಕ್ಕೆ ನೂರಕ್ಕೆ 5ರಂತೆ ಆದಾಯ ಬರಬೇಕೆಂಬುದು ರಸ್ಕಿನ್ನನ ಕರಾರು. ಬಾಡಿಗೆಯ ಬಾಕಿಯನ್ನು ಆಕೆ ಸಹಿಸುತ್ತಿರಲಿಲ್ಲ. ವಾರವಾರವೂ ಹೋಗಿ ವಸೂಲು ಮಾಡುತ್ತಿದ್ದಳು. ಆದರೆ ಹಾಗೆ ಹೋದಾಗಲೇ ಸೋರುವ ಸೂರನ್ನೂ ಒಡೆದ ಕಿಟಕಿಯನ್ನೂ ಕಂಡು ಸರಿಪಡಿಸುತ್ತಿದ್ದಳು. ಪ್ರತಿಯೊಂದು ಮನೆಗೂ ವರ್ಷಕ್ಕಿಷ್ಟೆಂದು ದುರಸ್ತಿಯ ಹಣವನ್ನು ಗೊತ್ತುಮಾಡಿ, ಅದರಲ್ಲಿ ಉಳಿದುದನ್ನು ಬಾಡಿಗೆಯವರು ಬಯಸಿದ ಅನುಕೂಲಕ್ಕೆ ವಿನಿಯೋಗಿಸುತ್ತಿದ್ದಳು. ಇದರಿಂದ ಮನೆಯನ್ನು ಜೋಪಾನ ಮಾಡುವುದರಲ್ಲಿ ಬಾಡಿಗೆಯವರಿಗೂ ಆಸಕ್ತಿ ಹುಟ್ಟಿತು. ರಸ್ಕಿನ್ನನ ಆದಾಯಕ್ಕೂ ಕೊರತೆ ಬರಲಿಲ್ಲ. ಕಟ್ಟುನಿಟ್ಟಿಗೂ ಕರುಣೆಗೂ ವಿರೋಧವಿಲ್ಲವೆಂಬುದನ್ನು ಆಕೆ ಲೆಕ್ಕದ ಪುಸ್ತಕದಲ್ಲಿ ತೋರಿಸಿಕೊಟ್ಟಳು.

ನಾವೂ ಹಾಗೆ ಮಾಡಬಹುದು. ಬಾಡಿಗೆ 20,000 ರೂಪಾಯಿಯಿದ್ದರೆ ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಪ್ರತ್ಯೇಕವಾಗಿಟ್ಟಲ್ಲಿ ವರ್ಷಕ್ಕೆ 24,000 ರೂಪಾಯಿ ದುರಸ್ತಿಗೆ ಸಿದ್ಧವಾಗಿರುತ್ತದೆ. ವರಮಾನ ತೆರಿಗೆಯ ಶಾಸನವು ಕೂಡ, ಪುರಸಭೆಯ ಕಂದಾಯವನ್ನು ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ನ್ನು, ಖರ್ಚಿನ ರಸೀತಿ ಕೇಳದೆಯೇ ಬಿಟ್ಟುಕೊಡುತ್ತದೆ. ಆ ರಿಯಾಯಿತಿಯನ್ನು ಪಡೆದು ಸೂರು ಸೋರಲು ಬಿಡುವುದು ನ್ಯಾಯವೆ? ಯಾವ ಕೆಲಸ ಯಾರದೆಂಬುದನ್ನು ಕರಾರಿನಲ್ಲಿಯೇ ಬರೆಯುವುದು ಮೇಲು. ಮೇಲೆ ಹೇಳಿದ ಮಾದರಿ ಶಾಸನವು ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಕೊಳವೆ, ವಿದ್ಯುತ್ತಿನ ತಂತಿ ಇವನ್ನು ಒಡೆಯನಿಗೂ, ನಲ್ಲಿಯ ವಾಷರು, ಚರಂಡಿಯ ಶುದ್ಧಿ, ದೀಪದ ಗುಂಡಿ ಇವನ್ನು ಬಾಡಿಗೆಯವನಿಗೂ ಹಂಚಿದೆ. ಅದು ಒಳ್ಳೆಯ ಮೇಲ್ಪಂಕ್ತಿ.

ನಾಲ್ಕನೆಯದು ಬಾಡಿಗೆಯವನ ನೆಮ್ಮದಿ. ಮನೆ ನಮ್ಮದು, ಆದರೆ ಬಾಡಿಗೆ ಸಲ್ಲುವವರೆಗೆ ಅದರೊಳಗಿನ ಸಂಸಾರ ಅವರದು. ಹೇಳದೆ ಕೇಳದೆ ಒಳನುಗ್ಗುವುದು, ಬಂದ ನೆಂಟರನ್ನು ಎಣಿಸುವುದು, ಮನಸ್ತಾಪ ಬಂದಾಗ ನೀರು ನಿಲ್ಲಿಸುವುದು, ಇವು ಸಭ್ಯರಿಗೆ ತಕ್ಕುದಲ್ಲ. ಒಳಗೆ ಹೋಗಬೇಕಾದರೆ ಒಂದು ದಿನ ಮುಂಚೆ ತಿಳಿಸಿ ಹೋಗೋಣ. ಬಾಡಿಗೆಯವರನ್ನು ಆರಿಸುವಾಗಲೂ, ಬಾಡಿಗೆ ಕೊಡಬಲ್ಲರೆ, ಹಿಂದಿನ ಮನೆಯಲ್ಲಿ ಸರಿಯಾಗಿ ನಡೆದುಕೊಂಡರೆ ಎಂದು ವಿಚಾರಿಸುವುದು ಯುಕ್ತ. ಅದನ್ನು ಬಿಟ್ಟು “ನೀವು ಯಾವ ಜನ?” ಎಂದು ಬಾಗಿಲಲ್ಲೇ ಕೇಳುವವರು ಒಳ್ಳೆಯ ಬಾಡಿಗೆಯವರನ್ನು ಕಳೆದುಕೊಳ್ಳುತ್ತಾರೆ, ಬಂದವರ ಮನಸ್ಸನ್ನೂ ನೋಯಿಸುತ್ತಾರೆ.

ಕೊನೆಗೆ ಒಂದು ಚಿಕ್ಕ ಲೆಕ್ಕ. 20,000 ರೂಪಾಯಿ ಕೊಡುವ ಒಳ್ಳೆಯ ಬಾಡಿಗೆಯವನನ್ನು, ಇನ್ನು 1,000 ಹೆಚ್ಚು ಬರಲೆಂದು ಬಿಡಿಸಿದೆವೆನ್ನಿ. ಮನೆ ಎರಡು ತಿಂಗಳು ಖಾಲಿಯಿದ್ದರೆ ನಷ್ಟ 40,000. ಹೊಸಬನು ಕೊಡುವ ಹೆಚ್ಚಿನ ಹಣದಿಂದ ಅದನ್ನು ತುಂಬಿಕೊಳ್ಳಲು 40 ತಿಂಗಳು, ಎಂದರೆ ಮೂರು ವರ್ಷ ನಾಲ್ಕು ತಿಂಗಳು ಬೇಕು. ನ್ಯಾಯವಾಗಿ ನಡೆದುಕೊಳ್ಳುವುದು ನಷ್ಟದ ಮಾರ್ಗವೆಂದು ತಿಳಿದವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಈಗ ನಮ್ಮ ಮನೆಯ ಕೆಳಭಾಗದಲ್ಲಿ ಬೇರೊಂದು ಸಂಸಾರವಿದೆ. ಅವರು ಬಂದ ದಿನ ಪಟ್ಟಿ ಬರೆದು ಇಬ್ಬರೂ ರುಜು ಹಾಕಿದೆವು. ಅದರ ಮೊದಲನೆಯ ಸಾಲಿನಲ್ಲಿ ನಾನೇ ಹೀಗೆ ಬರೆದೆ: ನಡುಮನೆಯ ಗೋಡೆಯಲ್ಲಿ ತೇವ ಕಂಡರೆ ಕೂಡಲೆ ತಿಳಿಸುವುದು; ಅದರ ಖರ್ಚು ಮನೆಯವರದು. ಉಪಾಧ್ಯಾಯರಿಗೆ ಅಂದು ಹೇಳಬೇಕಾಗಿದ್ದ ಮಾತನ್ನು ಇವರಿಗಾದರೂ ಬರೆದುಕೊಟ್ಟೆನೆಂಬುದೊಂದೇ ನನಗಿರುವ ಸಮಾಧಾನ. ತಮ್ಮಲ್ಲಿ ಮನೆಯನ್ನು ಬಾಡಿಗೆಗೆ ಕೊಟ್ಟಿರುವವರು, ಅಂಥ ಸಮಾಧಾನದ ಅಗತ್ಯವೇ ಬಾರದಂತೆ ಮೊದಲಿನಿಂದಲೇ ನಡೆದುಕೊಳ್ಳಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.