ಕಾಣದ ಪೆಟ್ಟಿಗೆ ಕಾಗದದ ಸಾಕ್ಷಿ

ಸಾಂಗಲಿಯಿಂದ ತಾಸಗಾಂವದ ದಾರಿ ಹಿಡಿದರೆ ಸಿಗುವ ಊರು ಬುಧಗಾಂವ. ಅಲ್ಲಿಯ ನಮ್ಮ ಹಳೆಯ ಕನ್ನಡ ಮನೆಗಳಲ್ಲಿ ಮಂಚದ ಕೆಳಗೋ ಅಟ್ಟದ ಮೇಲೋ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಅಜ್ಜನ ಕಾಲದ ಖರೀದಿಪತ್ರ, ಹೊಲದ ಸಾತಬಾರಾ ಉತಾರ, ಮಕ್ಕಳ ಶಾಲೆಯ ದಾಖಲೆ, ರೇಶನ್ ಕಾರ್ಡು, ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಅದರಲ್ಲಿ ಇಟ್ಟಿರುತ್ತಾರೆ. ಭೂಮಿಯ ಕಾಗದವನ್ನು ಹೀಗೆ ಕಣ್ಣಿನಂತೆ ಕಾಯುವ ನಾವು ಮೈಯ ಕಾಗದವನ್ನು ಕಾಯುವುದು ವಿರಳ. ಎಕ್ಸ್-ರೇ ಕೋಣೆಯಲ್ಲಿ ದುಡಿಯುವ ಮಗನ ಅಂಗಿಗೆ ಸಿಕ್ಕಿಸಿದ ಸಣ್ಣ ಬಿಲ್ಲೆಯು ವರ್ಷವಿಡೀ ಏನನ್ನು ಅಳೆಯಿತೆಂದು ಎಷ್ಟು ಮನೆಗಳವರು ವಿಚಾರಿಸಿದ್ದಾರೆ?

ಈ ಪ್ರಶ್ನೆ ನಮ್ಮ ಭಾಗಕ್ಕೆ ದೂರದ್ದಲ್ಲ. ಡಾ. ವಾನಲೆಸ್ ಅವರು ೧೮೯೪ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ಮಿರಜವು ವೈದ್ಯರ ಊರೆಂದು ಹೆಸರು ಪಡೆಯಿತು. ಅಥಣಿ, ಬೆಳಗಾವಿ, ವಿಜಾಪುರಗಳ ಕಡೆಯ ರೋಗಿಗಳು ಇಂದಿಗೂ ಅಲ್ಲಿಗೇ ಬರುತ್ತಾರೆ. ಎಕ್ಸ್-ರೇ, ಸಿ.ಟಿ. ಯಂತ್ರಗಳು, ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರಗಳು ಅಲ್ಲಿ ನಿತ್ಯದ ಬಳಕೆಯಲ್ಲಿವೆ. ಇನ್ನು ದೊಡ್ಡ ಕಾರಖಾನೆಗಳಲ್ಲಿ ಕೊಳವೆಯ ಬೆಸುಗೆಯೊಳಗೆ ಬಿರುಕಿದೆಯೋ ಎಂದು ನೋಡಲು ಇರಿಡಿಯಮ್ ೧೯೨ ಎಂಬ ವಿಕಿರಣವಸ್ತುವನ್ನು ಬಳಸುವುದುಂಟು. ಇಂಥ ಕೆಲಸ ಹಿಡಿದವನಿಗೆ ಹದಿನೈದು ವರ್ಷಗಳ ಮೇಲೆ ಬೇನೆ ಕಾಣಿಸಿಕೊಂಡರೆ ಪರಿಹಾರಧನಕ್ಕೆ ಅರ್ಹನೆಂದು ಅವನನ್ನು ಒಪ್ಪುವರೇ?

ಗಾಲಿಗೆ ಸಿಕ್ಕು ಕೈ ಮುರಿದರೆ ಪೆಟ್ಟು ಕಣ್ಣಿಗೆ ಕಾಣುತ್ತದೆ. ದಿನ, ತಾಸು, ನೋಡಿದವರು ಎಲ್ಲ ಸಿಗುತ್ತಾರೆ. ವಿಕಿರಣದ ಪೆಟ್ಟು ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದ ಬರುವ ರಕ್ತದ ಕ್ಯಾನ್ಸರು ಕೆಲವು ವರ್ಷಗಳ ನಂತರ ತಲೆದೋರುತ್ತದೆ. ಗಂಟಿನ ಕ್ಯಾನ್ಸರುಗಳಿಗೆ ಹತ್ತು ವರ್ಷ, ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಬಂದ ಬೇನೆಯಾದರೂ ಬೇರೆಯವರಿಗೆ ಬರುವ ಬೇನೆಯಂತೆಯೇ ಇರುತ್ತದೆ. ಇದು ವಿಕಿರಣದಿಂದಲೇ ಬಂದಿತೆಂದು ಒಬ್ಬ ರೋಗಿಯ ಮಟ್ಟಿಗೆ ಆಣೆಯಿಟ್ಟು ಹೇಳುವುದು ಬಲ್ಲ ವೈದ್ಯನಿಗೂ ಕಷ್ಟ. ಆದುದರಿಂದ ಹಲವು ದೇಶಗಳ ಕಾನೂನುಗಳು ಬೇನೆಯ ಮೂಲವನ್ನು ಕೆದಕುವುದನ್ನು ಬಿಟ್ಟು, "ನೀನು ಎಲ್ಲಿದ್ದೆ? ಯಾವಾಗ ಇದ್ದೆ?" ಎಂದು ಕೇಳುತ್ತವೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವುದು ಕಾಗದವೇ.

ಜಪಾನಿನ ಉದಾಹರಣೆ ನೋಡೋಣ. ಹಿರೋಶಿಮಾ, ನಾಗಾಸಾಕಿಗಳ ಸಂತ್ರಸ್ತರಿಗೆಂದು ೧೯೫೭ರ ಕಾನೂನು ಒಂದು ಕೈಹೊತ್ತಿಗೆಯನ್ನು ಕೊಡಿಸಿತು. ಅದಿದ್ದವರಿಗೆ ಸರಕಾರದ ಖರ್ಚಿನಲ್ಲಿ ವೈದ್ಯಕೀಯ ನೆರವು. ಬಾಂಬು ಬಿದ್ದಾಗ ಊರಲ್ಲಿದ್ದವರು, ಎರಡು ವಾರಗಳೊಳಗೆ ಸ್ಫೋಟದ ನಡುವಿನಿಂದ ಸುಮಾರು ೨ ಕಿಲೋಮೀಟರಿನ ಸರಹದ್ದಿಗೆ ಬಂದವರು ಮೊದಲಾಗಿ ವರ್ಗಗಳನ್ನು ಮಾಡಿದರು. ಬಾಂಬಿನ ನಂತರ ಸುರಿದ ಕರಿಮಳೆಯಲ್ಲಿ ನೆನೆದವರ ಪೈಕಿ ಅನೇಕರು ಸರಕಾರ ಎಳೆದ ಗೆರೆಯ ಹೊರಗುಳಿದರು. ಅಂಥ ೮೪ ಜನರ ಪರವಾಗಿ ಹಿರೋಶಿಮಾ ಉಚ್ಚ ನ್ಯಾಯಾಲಯವು ತೀರ್ಪು ಕೊಟ್ಟದ್ದು ೨೦೨೧ರ ಜುಲೈಯಲ್ಲಿ, ಎಂದರೆ ೭೬ ವರ್ಷಗಳ ಮೇಲೆ.

ಅಮೇರಿಕೆಯಲ್ಲಿಯೂ ಇದೇ ಕಥೆ. ನೆವಾಡಾದ ಪರಮಾಣು ಪರೀಕ್ಷೆಗಳ ಗಾಳಿ ಬೀಸಿದ ಕೆಲವು ಜಿಲ್ಲೆಗಳ ನಿವಾಸಿಗಳಿಗೂ ಯುರೇನಿಯಮ್ ಗಣಿಯ ಕೆಲಸಗಾರರಿಗೂ ೧೯೯೦ರ ಕಾಯದೆ ಪರಿಹಾರವನ್ನು ಗೊತ್ತುಪಡಿಸಿತು. ನಿವಾಸಿಯು ಗೊತ್ತಾದ ಕಾಲದಲ್ಲಿ ಗೊತ್ತಾದ ಜಿಲ್ಲೆಯಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು, ಪಟ್ಟಿಯಲ್ಲಿಯ ಬೇನೆ ಇರಬೇಕು, ಅಷ್ಟಾದರೆ ಸಾಕು. ಆದರೆ ೧೯೪೫ರ ಜುಲೈ ೧೬ರಂದು ಮೊಟ್ಟಮೊದಲ ಬಾಂಬನ್ನು ಸಿಡಿಸಿದ ನ್ಯೂ ಮೆಕ್ಸಿಕೊದ ನೆರೆಹೊರೆಯವರೇ ಆ ಪಟ್ಟಿಯಲ್ಲಿರಲಿಲ್ಲ. ೨೦೨೪ರಲ್ಲಿ ಅವಧಿ ತೀರಿದ ಆ ಕಾಯದೆಗೆ ೨೦೨೫ರ ಜುಲೈಯಲ್ಲಿ ಮರುಜೀವ ಬಂದಾಗ, ೮೦ ವರ್ಷಗಳ ನಂತರ, ಅವರನ್ನು ಸೇರಿಸಿಕೊಂಡು ಒಂದು ಲಕ್ಷ ಡಾಲರು ಗೊತ್ತುಮಾಡಿದರು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಬೇನೆಯವರು ತೀರಿಹೋಗಿ, ಅರ್ಜಿ ಹಾಕುವ ಪಾಳಿ ಮಕ್ಕಳಿಗೆ ಬಂದಿತ್ತು.

ಈಗ ನಮ್ಮ ಕಡೆಗೆ ಬರೋಣ. ಕಾರವಾರ ತಾಲೂಕಿನ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ನವೆಂಬರ ೨೦೦೯ರಲ್ಲಿ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಮ್ ಬೆರೆತ ಭಾರಜಲ ಸೇರಿದ್ದು ಬಯಲಾಯಿತು. ಇದು ಒಳಗಿನವರ ಕೈವಾಡವೆಂದು ಅಧಿಕಾರಿಗಳು ಶಂಕಿಸಿದರು. ಆ ನೀರು ಕುಡಿದವರು ಐವತ್ತಕ್ಕೂ ಮಿಕ್ಕಿದ್ದರು. ಅವರಿಗೆ ತಿಳಿಯದೆ ಒಳಹೊಕ್ಕ ಈ ವಸ್ತು ಬೆಳಕಿಗೆ ಬಂದದ್ದು ಹೇಗೆ? ಕೆಲಸಗಾರರ ಮೂತ್ರವನ್ನು ಪದ್ಧತಿಯಂತೆ ಪರೀಕ್ಷಿಸಿ ಬರೆದಿಡುತ್ತಿದ್ದುದರಿಂದ! ದಾಖಲೆಯ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ.

ಮರುವರ್ಷವೇ, ೨೦೧೦ರಲ್ಲಿ, ಅಣುಹಾನಿಯ ಹೊಣೆಗಾರಿಕೆಯ ಕಾಯದೆಯನ್ನು ಸಂಸತ್ತು ಮಾಡಿತು. ಮೈಗೆ ಆದ ಹಾನಿಗೆ ೨೦ ವರ್ಷ, ಆಸ್ತಿಯ ಹಾನಿಗೆ ೧೦ ವರ್ಷ ಎಂದು ಅದು ಗಡುವು ಹಾಕಿತು. ಆದರೆ ಅದು ಅಣುಸ್ಥಾವರಗಳ ಅಪಘಾತಗಳಿಗಾಗಿ ಇದ್ದ ಕಾಯದೆ. ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಕೆಲಸಗಾರನಿಗೆ ಅದರಲ್ಲಿ ಎಡೆಯಿರಲಿಲ್ಲ. ಡಿಸೆಂಬರ ೨೦೨೫ರಲ್ಲಿ ಅದರ ಸ್ಥಾನಕ್ಕೆಂದು 'ಶಾಂತಿ' ಎಂಬ ಹೆಸರಿನ ಹೊಸ ಕಾಯದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು.

ನಮ್ಮ ಹುಡುಗರಿಗೆ ಆಸರೆಯಾದದ್ದು ೧೯೨೩ರ ಕಾರ್ಮಿಕ ಪರಿಹಾರ ಕಾಯದೆ. ಅದರ ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿ ಅಯಾನಕಾರಿ ವಿಕಿರಣದಿಂದ ಬರುವ ರೋಗಗಳಿವೆ. ಒಬ್ಬ ಧಣಿಯ ಕೈಕೆಳಗೆ ಸತತ ಆರು ತಿಂಗಳು ಅಂಥ ಕೆಲಸದಲ್ಲಿದ್ದವನಿಗೆ ಆ ರೋಗ ಬಂದರೆ ಅದು ಕೆಲಸದಿಂದಲೇ ಬಂದಿತೆಂದು ಹಿಡಿಯಬೇಕು. ಅಲ್ಲವೆಂದು ತೋರಿಸುವ ಹೊಣೆ ಧಣಿಯದು. ಬಡವನಿಗೆ ಇದೊಂದು ದೊಡ್ಡ ಅನುಕೂಲವೇ ಸರಿ. ಆದರೆ ಒಂದು ತೊಡಕೂ ಇತ್ತು. ಕೆಲಸ ಬಿಟ್ಟವನಿಗೆ ಎರಡು ವರ್ಷಗಳೊಳಗೆ ರೋಗದ ಲಕ್ಷಣ ಕಾಣಿಸಿಕೊಂಡರೆ ಅವನ ಹಕ್ಕು ಉಳಿಯುವುದೆಂದು ಕಾಯದೆ ಹೇಳಿತು. ಹತ್ತು ವರ್ಷ ಅಡಗಿ ಕೂಡುವ ಬೇನೆಗೆ ಎರಡು ವರ್ಷದ ಬಾಗಿಲು! ಈ ಕಾಯದೆ ನವೆಂಬರ ೨೧, ೨೦೨೫ರಿಂದ ಸಾಮಾಜಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಹೋಯಿತು. ರೋಗಗಳ ಪಟ್ಟಿ ಅದರ ಮೂರನೆಯ ಅನುಸೂಚಿಯಲ್ಲಿದೆ. ರಾಜ್ಯ ವಿಮೆಗೆ, ಅಂದರೆ ಇ.ಎಸ್.ಐ.ಗೆ, ಸೇರಿದವರ ದಾವೆ ಆ ವಿಮೆಯ ಕಚೇರಿಗೆ ಹೋಗುತ್ತದೆ.

ಕಾಗದವೇ ಇಲ್ಲದವನ ಗತಿಯೇನು? ದಿಲ್ಲಿಯ ವಿಶ್ವವಿದ್ಯಾಲಯವೊಂದು ಬಳಸದೆ ಬಿಟ್ಟಿದ್ದ ಕೋಬಾಲ್ಟ್ ೬೦ರ ಯಂತ್ರ ೨೦೧೦ರಲ್ಲಿ ಹರಾಜಾಗಿ ಮಾಯಾಪುರಿಯ ಗುಜರಿಗೆ ಬಂದಿತು. ಅದನ್ನು ಬಿಚ್ಚಿದ ಕೆಲಸಗಾರರು ಆಸ್ಪತ್ರೆ ಸೇರಿದರು, ಒಬ್ಬನು ತೀರಿಕೊಂಡನು. ವಿಷಯ ದೊಡ್ಡದಾದ್ದರಿಂದ ದೇಶಕ್ಕೆ ತಿಳಿಯಿತು. ಆದರೆ ಗುಜರಿಯಲ್ಲಿ ದಿನಗೂಲಿ ಮಾಡುವವನಿಗೆ ಬಿಲ್ಲೆಯಿಲ್ಲ. ಅನೇಕ ಕಡೆ ಹಾಜರಿಪುಸ್ತಕವೂ ಇಲ್ಲ.

ಇನ್ನು ಮನೆಯವರು ಮಾಡಬೇಕಾದ್ದು. ವಿಕಿರಣದ ಕೆಲಸದಲ್ಲಿರುವವರು ಬಿಲ್ಲೆಯನ್ನು ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ಧರಿಸಬೇಕು. ಗೂಟಕ್ಕೆ ತೂಗುಹಾಕಿ ಒಳಗೆ ಹೋದರೆ ಅದು ಗೂಟದ ಲೆಕ್ಕವನ್ನು ಹೇಳುತ್ತದೆ. ಬಿಲ್ಲೆಯ ಅಳತೆಯನ್ನೂ ಆರೋಗ್ಯ ತಪಾಸಣೆಯ ದಾಖಲೆಯನ್ನೂ ವರ್ಷಕ್ಕೊಮ್ಮೆ, ಕೇಳಿದಾಗ, ಕೆಲಸ ಬಿಡುವಾಗ ಕೆಲಸಗಾರನಿಗೆ ಕೊಡುವ ಹೊಣೆಯನ್ನು ೨೦೦೪ರ ವಿಕಿರಣ ರಕ್ಷಣೆಯ ನಿಯಮಗಳು ಧಣಿಯ ಮೇಲೆ ಹೊರಿಸಿದವು. ನೇಮಕಪತ್ರ, ಸಂಬಳದ ಚೀಟಿ, ವಿಮೆಯ ಕಾರ್ಡುಗಳ ಜೊತೆಗೆ ಅದನ್ನೂ ಕೇಳಿ ಇಟ್ಟುಕೊಳ್ಳಬೇಕು. ಬೇನೆಯಾದಾಗ ವೈದ್ಯರಿಗೆ ತನ್ನ ಕೆಲಸ ಯಾವುದೆಂದು ಹೇಳಿ ಕೇಸ್ ಪೇಪರಿನಲ್ಲಿ ಬರೆಯಿಸಬೇಕು.

ಗಡಿಯ ನಮಗೆ ಇನ್ನೊಂದು ಎಚ್ಚರ ಬೇಕು. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಮರಾಠಿ ರೇಶನ್ ಕಾರ್ಡಿನಲ್ಲಿ ಇನ್ನೊಂದು ಕಾಗುಣಿತ, ಇಂಗ್ಲಿಷ್ ನೇಮಕಪತ್ರದಲ್ಲಿ ಮೂರನೆಯದು. ಅಡ್ಡಹೆಸರು ಒಂದರಲ್ಲಿದ್ದರೆ ಮತ್ತೊಂದರಲ್ಲಿಲ್ಲ. ಆರೋಗ್ಯವಾಗಿದ್ದಾಗ ನಗುವ ವಿಷಯವಿದು. ದಾವೆಯ ದಿನ ವಿಧವೆಯೊಬ್ಬಳು, "ಈ ಮೂವರೂ ನಮ್ಮ ಯಜಮಾನರೇ" ಎಂದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ತಿದ್ದಿಸಲು ಇದೇ ಸಮಯ.

ಓದುಗರು ವೃಥಾ ಹೆದರಬೇಕಾಗಿಲ್ಲ. ವೈದ್ಯರು ಬೇಕೆಂದು ಹೇಳಿ ತೆಗೆಯಿಸಿದ ಎಕ್ಸ್-ರೇಯಾಗಲಿ, ಕ್ಯಾನ್ಸರಿಗೆ ಕೊಟ್ಟ ವಿಕಿರಣವಾಗಲಿ ಈ ಪರಿಹಾರದ ಮಾತಿಗೆ ಬರುವುದಿಲ್ಲ. ಕ್ರಮವರಿತು ನಡೆದರೆ ಆ ಕೋಣೆಯ ಕೆಲಸವೂ ಮರ್ಯಾದೆಯ ಕೆಲಸವೇ. ಆದರೆ ಮಗನು ಆ ಕೆಲಸಕ್ಕೆ ಹೋಗುತ್ತಿದ್ದರೆ ಇಂದು ಸಂಜೆ ಅವನನ್ನು ಕೂಡಿಸಿಕೊಂಡು ಕೇಳಿರಿ: "ತಮ್ಮಾ, ನಿನ್ನ ಬಿಲ್ಲೆಯ ಲೆಕ್ಕ ಎಲ್ಲಿದೆ?" ಸಿಕ್ಕರೆ ಸಾತಬಾರಾ ಉತಾರದ ಪಕ್ಕದಲ್ಲಿಯೇ ಇಡಿರಿ. ಹೊಲವನ್ನು ಉಳುವವನ ಮೈಯೂ ಮನೆಯ ಆಸ್ತಿಯೇ.