ಔಷಧ ಹಚ್ಚಿದ ಮೇಲೂ ಕಜ್ಜಿಯ ತುರಿಕೆ ನಿಲ್ಲದಿದ್ದರೆ ಔಷಧ ಸುಳ್ಳೇ?

"ಕ್ರೀಂ ಹಚ್ಚಿ ಹತ್ತು ದಿನ ಆಯ್ತು, ತುರಿಕೆ ಹಾಂಗೇ ಐತಿ. ಔಷಧ ಡೂಪ್ಲಿಕೇಟ್ ಇರಬೇಕು." ಕಜ್ಜಿ ಹೊಕ್ಕ ಮನೆಗಳಲ್ಲಿ, ಅದು ರಾಯಚೂರು ನಗರವಿರಲಿ, ದೇವದುರ್ಗ, ಮಾನ್ವಿಯ ಹಳ್ಳಿಯಿರಲಿ, ಈ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಫಾರ್ವರ್ಡ್‌ಗಳು: ರಕ್ತ ಕೆಟ್ಟಿದೆ, ಅಲರ್ಜಿ ಟೆಸ್ಟ್ ಮಾಡಿಸಿ, ಕೌದಿ ಸುಟ್ಟುಹಾಕಿ, ಮೆಡಿಕಲ್ ಶಾಪ್‌ನಲ್ಲಿ ಇಂಥ ಟ್ಯೂಬ್ ಕೇಳಿ.

ಔಷಧ ಸರಿಯಾಗಿ ಹಚ್ಚಿದ್ದರೆ ಬಹಳಷ್ಟು ಸಲ ಅದು ಕೆಲಸ ಮಾಡಿಯೇ ಇರುತ್ತದೆ. ತುರಿಕೆ ಮಾತ್ರ ಉಳಿದಿರುತ್ತದೆ. ಯಾಕೆಂದು ನೋಡೋಣ.

ತುರಿಸುವುದು ಹುಳ ಅಲ್ಲ

ಕಜ್ಜಿ ತರುವುದು ಸಾರ್ಕಾಪ್ಟಿಸ್ ಸ್ಕೇಬಿಯೈ ಎಂಬ ನುಸಿ. ಹೆಣ್ಣು ನುಸಿಯ ಉದ್ದ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಅದು ಚರ್ಮದ ಮೇಲ್ಪದರದಲ್ಲಿ ಸಣ್ಣ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ನಮಗಾಗುವ ತುರಿಕೆ ಅದರ ಕಡಿತದ್ದಲ್ಲ. ನುಸಿಯ ಜೊಲ್ಲು, ಮೊಟ್ಟೆ, ಹಿಕ್ಕೆಗಳನ್ನು ಹೊರಗಿನವು ಎಂದು ಗುರುತಿಸಿ ನಮ್ಮ ರೋಗನಿರೋಧಕ ವ್ಯವಸ್ಥೆ ನಡೆಸುವ ಜಗಳವೇ ತುರಿಕೆ.

ಮೊದಲ ಸಲ ಈ ಗುರುತು ಹಿಡಿಯಲು ದೇಹಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಆ ವ್ಯಕ್ತಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ಪಕ್ಕದಲ್ಲಿ ಮಲಗಿದವರಿಗೆ ನುಸಿ ದಾಟಬಹುದು. ಎರಡನೇ ಸಲ ಬಂದರೆ ದೇಹಕ್ಕೆ ನೆನಪಿರುತ್ತದೆ. ಒಂದರಿಂದ ನಾಲ್ಕು ದಿನದಲ್ಲೇ ತುರಿಕೆ ಶುರು.

ಇದನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ಕೆನೆತ್ ಮೆಲನ್‌ಬಿ. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಶೆಫೀಲ್ಡ್‌ನಲ್ಲಿ ಸೇನೆಗೆ ಸೇರಲು ಒಪ್ಪದ ಸ್ವಯಂಸೇವಕರು ಬೇಕೆಂದೇ ಕಜ್ಜಿ ಹತ್ತಿಸಿಕೊಂಡರು. ರೋಗಿಗಳ ಮೈಮೇಲಿನ ಹೆಣ್ಣು ನುಸಿಗಳನ್ನು ಎಣಿಸಿದಾಗ ಸರಾಸರಿ ಹನ್ನೊಂದರ ಆಸುಪಾಸು ಮಾತ್ರ ಸಿಕ್ಕವು. ಮೈಯೆಲ್ಲಾ ಕೆರೆತ, ಹುಳ ಮಾತ್ರ ಹತ್ತು ಹನ್ನೊಂದು! ರೋಗಿಗಳು ಬಳಸಿದ ಕಂಬಳಿ ಹೊದ್ದವರಲ್ಲಿ ಕಜ್ಜಿ ಹತ್ತಿದ್ದು ತೀರಾ ಕಡಿಮೆ. ಅದು ಹರಡುವ ಮುಖ್ಯ ದಾರಿ ಚರ್ಮಕ್ಕೆ ಚರ್ಮ ತಾಗುವುದು. ಹಾಗಾಗಿ ದಿನಾ ಸ್ನಾನ ಮಾಡುವವರಿಗೂ ಬರುತ್ತದೆ.

ಈಗ ಮೊದಲಿನ ಪ್ರಶ್ನೆ. ಔಷಧಕ್ಕೆ ನುಸಿ ಸತ್ತರೂ ಅದರ ಹೆಣ, ಹಿಕ್ಕೆ ಚರ್ಮದೊಳಗೇ ಇರುತ್ತವೆ. ಚರ್ಮ ಉದುರಿ ಹೊಸದಾಗುವವರೆಗೆ ದೇಹದ ಜಗಳ ನಡೆಯುತ್ತದೆ. ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಅದಕ್ಕೂ ಮೀರಿದರೆ, ಅಥವಾ ಹೊಸ ಗುಳ್ಳೆಗಳು ಏಳುತ್ತಿದ್ದರೆ, ಮತ್ತೆ ವೈದ್ಯರಿಗೆ ತೋರಿಸಿ.

ಯಾವ ಟೆಸ್ಟ್?

ಕಜ್ಜಿ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಆಸ್ಪತ್ರೆಗಳಲ್ಲಿ ರೂಢಿಯಲ್ಲಿಲ್ಲ. ಅಲರ್ಜಿಗೆ ಚರ್ಮ ಚುಚ್ಚಿ ಮಾಡುವ ಪರೀಕ್ಷೆಯೂ ಇದಕ್ಕಲ್ಲ. ಮನೆಯ ಧೂಳಿನಲ್ಲಿರುವ ನುಸಿಗೂ ಕಜ್ಜಿಯ ನುಸಿಗೂ ಕೆಲವು ಪ್ರೋಟೀನ್‌ಗಳು ಹೋಲುತ್ತವೆ. ಕಜ್ಜಿ ಇದ್ದವರಿಗೆ "ಧೂಳಿನ ಅಲರ್ಜಿ" ಎಂದು ರಿಪೋರ್ಟ್ ಬಂದು ದಾರಿ ತಪ್ಪಬಹುದು.

ವೈದ್ಯರು ನೋಡುವುದು ಬೆರಳ ಸಂದು, ಮಣಿಕಟ್ಟು, ಕಂಕುಳು, ಸೊಂಟ, ಜನನಾಂಗದ ಭಾಗ; ಕೇಳುವುದು ರಾತ್ರಿ ತುರಿಕೆ ಹೆಚ್ಚೇ, ಮನೆಯಲ್ಲಿ ಬೇರೆಯವರಿಗೂ ಇದೆಯೇ ಎಂದು. ಹಳೆಯ ಸರಳ ಉಪಾಯವೂ ಒಂದಿದೆ: ಅನುಮಾನದ ಜಾಗಕ್ಕೆ ಪೆನ್ನಿನ ಶಾಯಿ ಸವರಿ ಒರೆಸಿದರೆ, ಸುರಂಗವಿದ್ದಲ್ಲಿ ಶಾಯಿ ಇಳಿದು ಸಣ್ಣ ಗೆರೆ ಕಾಣುತ್ತದೆ. ಚರ್ಮ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡುವುದೂ ಉಂಟು. ಹುಳ ಇರುವುದೇ ಹತ್ತು ಹನ್ನೊಂದು ಆದ್ದರಿಂದ ಅಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಕಜ್ಜಿ ಇಲ್ಲ ಎಂದಲ್ಲ.

ತುರಿಕೆ ನಿಲ್ಲಿಸುವ ಟ್ಯೂಬ್‌ನ ಅಪಾಯ

ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಡುವ ಎಷ್ಟೋ ಟ್ಯೂಬ್‌ಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟೆರಾಯ್ಡ್ ಇರುತ್ತದೆ. ಹೆಸರು ಟ್ಯೂಬ್ ಮೇಲೇ ಸಣ್ಣಕ್ಷರದಲ್ಲಿರುತ್ತದೆ, ಓದಿ ನೋಡಿ. ಸ್ಟೆರಾಯ್ಡ್ ನುಸಿಯನ್ನು ಕೊಲ್ಲುವುದಿಲ್ಲ, ಅದರೊಂದಿಗಿನ ದೇಹದ ಜಗಳವನ್ನು ನಿಲ್ಲಿಸುತ್ತದೆ. ಎರಡು ದಿನ ಹಾಯೆನಿಸುತ್ತದೆ, ಒಳಗೆ ನುಸಿ ಆರಾಮಾಗಿ ಹೆಚ್ಚುತ್ತದೆ. ಮುಂದೆ ವೈದ್ಯರಿಗೂ ಗುರುತು ಸಿಗದಂತೆ ಕಜ್ಜಿಯ ರೂಪವೇ ಬದಲಾಗಿರುತ್ತದೆ.

ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಇದರ ಪರಮಾವಧಿ ಕಾಣುತ್ತದೆ: ಚರ್ಮ ದಪ್ಪ ಹೊಪ್ಪಳೆಗಟ್ಟುತ್ತದೆ, ನುಸಿಗಳು ಸಾವಿರ, ಲಕ್ಷದ ಲೆಕ್ಕಕ್ಕೆ ಏರುತ್ತವೆ, ಆದರೂ ತುರಿಕೆ ಕಡಿಮೆ ಇರಬಹುದು. ಈ ರೂಪದಲ್ಲಿ ಮಾತ್ರ ಬಟ್ಟೆ, ಹಾಸಿಗೆಯಿಂದಲೂ ಸುಲಭವಾಗಿ ಹರಡುತ್ತದೆ.

ಮನೆಯವರೆಲ್ಲ, ಒಂದೇ ರಾತ್ರಿ

ಸಾಮಾನ್ಯವಾಗಿ ಕೊಡುವುದು 5% ಪರ್ಮೆಥ್ರಿನ್ ಕ್ರೀಂ. ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಸಂದಿ ಬಿಡದೆ ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯಬೇಕು, ವಾರದ ನಂತರ ಮತ್ತೊಮ್ಮೆ. ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚುವುದೇ ಎಲ್ಲರೂ ಮಾಡುವ ತಪ್ಪು. ಐವರ್ಮೆಕ್ಟಿನ್ ಮಾತ್ರೆಯೂ ಇದೆ, ಆದರೆ ಗರ್ಭಿಣಿಯರಿಗೆ ಮತ್ತು 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ವೈದ್ಯರನ್ನು ಕೇಳದೆ ನುಂಗಬೇಡಿ.

ತುರಿಕೆ ಇಲ್ಲದವರೂ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಆ ನಾಲ್ಕಾರು ವಾರಗಳ ಮೌನ ನೆನಪಿದೆಯಲ್ಲ? ಹಾಸ್ಟೆಲ್‌ನಿಂದ ಹಬ್ಬಕ್ಕೆ ಬಂದ ಮಗ, ಬೆಂಗಳೂರಿನ ಕಟ್ಟಡ ಕೆಲಸದಿಂದ ಮರಳಿದ ಅಣ್ಣ, ಯಾರನ್ನೂ ಬಿಡುವಂತಿಲ್ಲ.

ಕೌದಿ ಸುಡಬೇಡಿ. ಮೈಯಿಂದ ಬೇರ್ಪಟ್ಟ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಸಾಕು.

ಮಕ್ಕಳಲ್ಲಿ ಕೆರೆದ ಗಾಯ ಕೀವಾದರೆ ತಡಮಾಡಬೇಡಿ. ಆ ಗಾಯಕ್ಕೆ ಸೇರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಕೆಲವು ವಾರಗಳ ನಂತರ ಮೂತ್ರಪಿಂಡ ಊದಿಕೊಳ್ಳಬಹುದು. ಬೆಳಗ್ಗೆ ಮುಖ ಬಾತಿದ್ದರೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಕರೆದೊಯ್ಯಿರಿ. ಹಿಂದೆ ಕಜ್ಜಿ ಆಗಿತ್ತೆಂದು ವೈದ್ಯರಿಗೆ ನೀವೇ ಮೊದಲು ಹೇಳಿ.