ಕೆಂಪು ಕೆನಡಾ, ನೀಲಿ ಕೆನಡಾ: ಚುನಾವಣಾ ನಕ್ಷೆಯನ್ನು ಎಷ್ಟು ನಂಬಬೇಕು?

2022ರ ಮೇ ತಿಂಗಳಲ್ಲಿ, ಆಗ ಸಂಸದರಾಗಿದ್ದ ಚಂದ್ರ ಆರ್ಯ ಕೆನಡಾದ ಸಂಸತ್ತಿನಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ದ್ವಾರಾಳಿನಿಂದ ಹೋದವರೊಬ್ಬರು ಒಟ್ಟಾವಾದ ಸದನದಲ್ಲಿ ನಮ್ಮ ಮಾತು ಆಡಿದ್ದನ್ನು ಕೇಳಿ ಇಲ್ಲಿ ಎಷ್ಟೋ ಮಂದಿಯ ಕಣ್ಣು ತುಂಬಿತು. ಹೆಮ್ಮೆಯ ಬೆನ್ನಿಗೇ ಒಂದು ಪ್ರಶ್ನೆಯೂ ಹುಟ್ಟಿತು: ‘ಅವರ ಕ್ಷೇತ್ರದಲ್ಲಿ ನಮ್ಮವರು ತುಂಬ ಜನ ಇದ್ದಾರೇನು?’

ಯಾವ ಊರಲ್ಲಿ ಯಾರ ಮತ ಎಷ್ಟು ಎಂದು ಕೂಡಿ ಕಳೆದು ಲೆಕ್ಕ ಹಾಕುವುದು ನಮಗೆ ರೂಢಿ. ಕೆನಡಾದಲ್ಲಿ ಅಂಥ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿ ಸಿಗುತ್ತದೆ. ಅಲ್ಲಿ ಇಂದಿಗೂ ಕಾಗದದ ಮತಪತ್ರ. ಮತದಾನ ಮುಗಿದ ಮೇಲೆ ಮತಗಟ್ಟೆಯಲ್ಲೇ ಪೆಟ್ಟಿಗೆ ತೆರೆದು ಕೈಯಲ್ಲೇ ಎಣಿಸುತ್ತಾರೆ. ಹಾಗಾಗಿ ಪ್ರತಿ ಬೂತಿಗೂ ಅದರದೇ ಫಲಿತಾಂಶವಿರುತ್ತದೆ. ಚುನಾವಣೆ ನಡೆಸುವ ‘ಇಲೆಕ್ಷನ್ಸ್ ಕೆನಡಾ’ ಆ ಅಂಕಿಗಳನ್ನೂ ಬೂತುಗಳ ಗಡಿರೇಖೆಗಳನ್ನೂ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ಎರಡನ್ನೂ ಜೋಡಿಸಿ ಲಿಬರಲ್ ಪಕ್ಷಕ್ಕೆ ಕೆಂಪು, ಕನ್ಸರ್ವೇಟಿವ್ ಪಕ್ಷಕ್ಕೆ ನೀಲಿ, ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ (ಎನ್‌ಡಿಪಿ) ಕಿತ್ತಳೆ ಬಣ್ಣ ಕೊಟ್ಟರೆ ಬಡಾವಣೆ ಬಡಾವಣೆಯ ರಾಜಕೀಯ ನಕ್ಷೆ ಸಿದ್ಧ.

ನೋಡಲು ಚೆಂದ, ಓದಲು ಕಷ್ಟ. ಅಂಥ ನಕ್ಷೆಗಳ ಸುತ್ತ ಬೆಳೆದಿರುವ ಆರು ತಪ್ಪು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ನಕ್ಷೆಯಲ್ಲಿ ಹೆಚ್ಚು ಜಾಗ ತುಂಬಿದ ಬಣ್ಣವೇ ಹೆಚ್ಚು ಜನ ಒಪ್ಪಿದ ಪಕ್ಷ.

ಸತ್ಯ: ಮತ ಹಾಕುವುದು ಜನ, ನೆಲವಲ್ಲ. ಉತ್ತರದ ನುನಾವುಟ್ ಸುಮಾರು 20 ಲಕ್ಷ ಚದರ ಕಿಲೊಮೀಟರ್ ಹರಡಿದೆ. ಹತ್ತು ಕರ್ನಾಟಕಗಳನ್ನು ಅದರೊಳಗೆ ಇಟ್ಟರೂ ಜಾಗ ಉಳಿಯುತ್ತದೆ. 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 37,000 ಮಂದಿ. ಅವರೆಲ್ಲರಿಗೂ ಸೇರಿ ಸಂಸದ ಒಬ್ಬರೇ. ಟೊರೊಂಟೊ ನಗರದ ನಡುವೆ ಕೆಲವೇ ಚದರ ಕಿಲೊಮೀಟರಿನಲ್ಲಿ ಲಕ್ಷಕ್ಕೂ ಹೆಚ್ಚು ಜನರಿರುವ ಕ್ಷೇತ್ರಕ್ಕೂ ಒಬ್ಬರೇ. ದೇಶದ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಗಡಿಯಿಂದ 100 ಕಿಲೊಮೀಟರಿನೊಳಗೆ ವಾಸವಾಗಿದ್ದಾರೆ. ಆ ಪಟ್ಟಿ ಕೆನಡಾದ ನೆಲದ ಶೇ 4ರಷ್ಟು ಮಾತ್ರ. ಮಾಮೂಲಿ ನಕ್ಷೆಯಲ್ಲಿ ಕಾಡು, ಹಿಮ, ಗೋಧಿ ಹೊಲಗಳೇ ಕಣ್ಣು ತುಂಬುತ್ತವೆ. ಲಕ್ಷಾಂತರ ಜನರ ನಗರಗಳು ಸಾಸಿವೆ ಕಾಳಾಗುತ್ತವೆ. ಅದಕ್ಕೇ ಕೆಲವರು ಪ್ರತಿ ಕ್ಷೇತ್ರವನ್ನೂ ಒಂದೇ ಅಳತೆಯ ಷಟ್ಕೋನವಾಗಿ ಜೋಡಿಸಿದ ನಕ್ಷೆ ಬಿಡಿಸುತ್ತಾರೆ. ಅದರಲ್ಲಿ ಕೆನಡಾದ ಆಕಾರ ಕೆಡುತ್ತದೆ, ಆದರೆ ಸಂಸತ್ತಿನ ಬಲಾಬಲ ನಿಜವಾಗಿ ಕಾಣುತ್ತದೆ.

ತಪ್ಪು ಕಲ್ಪನೆ 2: ಇಡೀ ಪ್ರಾಂತ್ಯ ಒಂದೇ ಬಣ್ಣವಾದರೆ ಅಲ್ಲಿ ಬೇರೆ ಪಕ್ಷಗಳಿಗೆ ನೆಲೆಯಿಲ್ಲ.

ಸತ್ಯ: ನಮ್ಮಲ್ಲಿರುವಂತೆ ಕೆನಡಾದಲ್ಲೂ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ, ಅರ್ಧ ದಾಟಬೇಕೆಂದಿಲ್ಲ. 2021ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯದ 14 ಸ್ಥಾನಗಳೂ ಕನ್ಸರ್ವೇಟಿವ್ ಪಾಲಾದವು. ಮತ ಮಾತ್ರ ಸುಮಾರು ಶೇ 59. ಹತ್ತರಲ್ಲಿ ನಾಲ್ವರು ಬೇರೆಯವರಿಗೆ ಹಾಕಿದ್ದರೂ ಕ್ಷೇತ್ರವಾರು ನಕ್ಷೆಯಲ್ಲಿ ಅವರ ಸುಳಿವೇ ಇಲ್ಲ. 2019ರಲ್ಲಿ ಟೊರೊಂಟೊ ನಗರದ 25 ಸ್ಥಾನಗಳನ್ನೂ ಲಿಬರಲ್ಲರು ಗೆದ್ದಾಗ ಅಲ್ಲಿ ಕನ್ಸರ್ವೇಟಿವ್ ಮತ್ತು ಎನ್‌ಡಿಪಿಗೆ ತಲಾ ಲಕ್ಷಕ್ಕೂ ಹೆಚ್ಚು ಮತ ಬಿದ್ದಿತ್ತು.

ಇನ್ನೂ ಕಣ್ಣು ತೆರೆಸುವುದು 1993ರ ಫಲಿತಾಂಶ. ಆಳುತ್ತಿದ್ದ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ ದೇಶದಾದ್ಯಂತ ಶೇ 16ರಷ್ಟು ಮತ ಬಂದರೂ ಸಿಕ್ಕಿದ್ದು 2 ಸ್ಥಾನ. ಕ್ವಿಬೆಕ್‌ನಲ್ಲಷ್ಟೇ ಕಣಕ್ಕಿಳಿದ ಬ್ಲಾಕ್ ಕ್ವಿಬೆಕ್ವಾ ಪಕ್ಷ ಸುಮಾರು ಶೇ 13.5 ಮತಕ್ಕೆ 54 ಸ್ಥಾನ ಗೆದ್ದು ಅಧಿಕೃತ ವಿರೋಧ ಪಕ್ಷವಾಯಿತು. ಒಂದರ ಬೆಂಬಲ ದೇಶದ ತುಂಬ ಚದುರಿತ್ತು, ಇನ್ನೊಂದರದು ಒಂದೇ ಕಡೆ ಗಟ್ಟಿಯಾಗಿತ್ತು. 2019 ಮತ್ತು 2021ರಲ್ಲೂ ಒಟ್ಟು ಮತದಲ್ಲಿ ಕನ್ಸರ್ವೇಟಿವ್ ಮುಂದಿತ್ತು, ಸ್ಥಾನಗಳಲ್ಲಿ ಲಿಬರಲ್.

ಬೂತ್ ನಕ್ಷೆ ನಿಜವಾಗಿ ನೆರವಾಗುವುದು ಇಲ್ಲೇ. 2021ರಲ್ಲಿ ಅಚ್ಚ ನೀಲಿ ಎನ್ನಿಸಿದ ಸಸ್ಕ್ಯಾಚೆವಾನ್‌ನಲ್ಲಿ ರಿಜೈನಾ, ಸಸ್ಕಟೂನ್ ನಗರಗಳ ಹಳೆಯ ಭಾಗಗಳನ್ನು ಹತ್ತಿರದಿಂದ ನೋಡಿದರೆ ಎನ್‌ಡಿಪಿಯ ಕಿತ್ತಳೆ ತೇಪೆಗಳು ಕಾಣುತ್ತವೆ.

ತಪ್ಪು ಕಲ್ಪನೆ 3: ಬೂತಿನ ಬಣ್ಣವೇ ಆ ಬಡಾವಣೆಯ ಪೂರ್ತಿ ತೀರ್ಪು.

ಸತ್ಯ: ಅನುಭವಸ್ಥರೂ ಎಡವುವುದು ಇಲ್ಲಿ. ಬೂತ್‌ವಾರು ಪಟ್ಟಿಯಲ್ಲಿ ಒಂದು ಸಾಮಾನ್ಯ ಬೂತಿನ ಎದುರು ಇರುವುದು ಮತದಾನದ ದಿನ ಅಲ್ಲಿ ಬಿದ್ದ ಮತ ಮಾತ್ರ. ಆದರೆ ಕೆನಡಾದಲ್ಲಿ ಮುಂಗಡ ಮತದಾನ ಈಗ ಜನರ ಅಭ್ಯಾಸವೇ ಆಗಿದೆ. 2025ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆಯ ನಾಲ್ಕು ದಿನಗಳಲ್ಲೇ ಸುಮಾರು 73 ಲಕ್ಷ ಮಂದಿ ಮತ ಹಾಕಿದರು. ಆ ಚುನಾವಣೆಯಲ್ಲಿ ಚಲಾವಣೆಯಾದದ್ದು ಹೆಚ್ಚುಕಡಿಮೆ 1.96 ಕೋಟಿ ಮತ. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮತ ಆಗಲೇ ಪೆಟ್ಟಿಗೆ ಸೇರಿತ್ತು.

ಮುಂಗಡ ಮತಗಳ ಎಣಿಕೆ ಹಲವು ಬೂತುಗಳನ್ನು ಕೂಡಿಸಿದ ದೊಡ್ಡ ವ್ಯಾಪ್ತಿಗೆ ನಡೆಯುತ್ತದೆ. ಅಂಚೆ ಮೂಲಕ ಮತ್ತು ಚುನಾವಣಾಧಿಕಾರಿಯ ಕಚೇರಿಯಲ್ಲಿ ಹಾಕುವ ವಿಶೇಷ ಮತಪತ್ರಗಳು 10 ಲಕ್ಷ ದಾಟುತ್ತವೆ. ಅವು ಇಡೀ ಕ್ಷೇತ್ರದ ಲೆಕ್ಕಕ್ಕೆ ಒಟ್ಟಾಗಿ ಸೇರುತ್ತವೆ. ಯಾವ ಬೀದಿಯ ಚೀಟಿ ಯಾವುದು ಎಂದು ಅವುಗಳನ್ನು ಬಿಡಿಸಿ ಇಡಲಾಗದು.

ಹೀಗೆ ಊಹಿಸಿಕೊಳ್ಳಿ. ಒಂದು ಬೂತಿನ ವ್ಯಾಪ್ತಿಯಲ್ಲಿ 300 ಮಂದಿ ಮತ ಹಾಕಿದ್ದಾರೆ. ಮತದಾನದ ದಿನ ಬಂದವರು 170: ಲಿಬರಲ್‌ಗೆ 90, ಕನ್ಸರ್ವೇಟಿವ್‌ಗೆ 80. ನಕ್ಷೆಯಲ್ಲಿ ಬೂತ್ ಕೆಂಪು. ಉಳಿದ 130 ಮಂದಿ ಮೊದಲೇ ಹಾಕಿದ್ದು, ಅವರಲ್ಲಿ 75 ಕನ್ಸರ್ವೇಟಿವ್, 55 ಲಿಬರಲ್ ಎಂದಿಟ್ಟುಕೊಳ್ಳೋಣ. ಒಟ್ಟು ಲೆಕ್ಕ 155ಕ್ಕೆ 145. ಬಡಾವಣೆ ನಿಜಕ್ಕೂ ನೀಲಿ! ಮುಂಗಡ ಮತಗಳನ್ನು ಅಂದಾಜಿನ ಮೇಲೆ ಬೂತುಗಳಿಗೆ ಹಂಚಿ ಈ ಕೊರತೆ ತುಂಬಲು ನಕ್ಷೆ ಮಾಡುವವರು ಯತ್ನಿಸುತ್ತಾರೆ. ಒಳ್ಳೆಯ ಪ್ರಯತ್ನವೇ. ಆದರೆ ಹಂಚಿದ ಮೇಲೆ ಅದು ಎಣಿಸಿದ ಸಂಖ್ಯೆಯಲ್ಲ, ಅಂದಾಜು. ಆ ಮಾತು ನಕ್ಷೆಯ ಮೇಲೇ ಬರೆದಿರಬೇಕು.

ತಪ್ಪು ಕಲ್ಪನೆ 4: ಇಷ್ಟು ಸಣ್ಣ ಲೆಕ್ಕ ಹೊರಬಿದ್ದರೆ ಯಾರು ಯಾರಿಗೆ ಹಾಕಿದರೆಂದು ಗೊತ್ತಾಗುತ್ತದೆ.

ಸತ್ಯ: ಗೊತ್ತಾಗುವುದಿಲ್ಲ. ಒಂದು ಬೂತಿಗೆ ಕನಿಷ್ಠ 250 ಮತದಾರರಿರಬೇಕು ಎಂಬುದು ಸಾಮಾನ್ಯ ನಿಯಮ. ತೀರಾ ಕಡಿಮೆ ಮತ ಬಿದ್ದ ಬೂತಿನ ಫಲಿತಾಂಶವನ್ನು ಇನ್ನೊಂದರ ಜೊತೆ ಸೇರಿಸಿ ಪ್ರಕಟಿಸುತ್ತಾರೆ. ಪಟ್ಟಿಯಲ್ಲಿ ಕೆಲವು ಬೂತುಗಳ ಎದುರು ಅಂಕಿಯೇ ಇಲ್ಲದೆ ಬೇರೊಂದು ಬೂತಿನ ಸಂಖ್ಯೆ ಕಾಣಿಸಿದರೆ, ಮತಗಳು ಕಳೆದುಹೋದವೆಂದು ಗಾಬರಿಪಡಬೇಕಿಲ್ಲ. ಗುಟ್ಟು ಕಾಯಲು ಅವನ್ನು ಸೇರಿಸಿದ್ದಾರೆ, ಅಷ್ಟೆ.

ತಪ್ಪು ಕಲ್ಪನೆ 5: ಒಂದು ಸಮುದಾಯ ಹೆಚ್ಚಿರುವ ಬಡಾವಣೆ ಒಂದು ಪಕ್ಷಕ್ಕೆ ಒಲಿದರೆ, ಆ ಸಮುದಾಯವೇ ಒಲಿದಂತೆ.

ಸತ್ಯ: ಹಾಗೆ ಹೇಳಲು ನಕ್ಷೆಯೊಂದೇ ಆಧಾರ ಸಾಲದು. ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲೇ ಈ ಬಲೆಯನ್ನು ತೋರಿಸಿಕೊಟ್ಟರು. 1930ರ ಜನಗಣತಿಯನ್ನು ರಾಜ್ಯವಾರು ನೋಡಿದಾಗ, ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ವಲಸಿಗರೇ ಹೆಚ್ಚು ಓದಿದವರು ಎನ್ನೋಣವೇ? ವ್ಯಕ್ತಿವಾರು ಎಣಿಸಿದಾಗ ಅವರಲ್ಲೇ ಅನಕ್ಷರತೆ ಹೆಚ್ಚು! ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಿಗೆ ವಲಸಿಗರು ಹೋಗಿ ನೆಲೆಸಿದ್ದರು, ಅಷ್ಟೇ. ಜಾಗದ ಗುಣವನ್ನು ಜನರ ಗುಣವೆಂದು ಓದಿದರೆ ಆಗುವ ತಪ್ಪು ಇದು.

ಟೊರೊಂಟೊ ಬಳಿಯ ಬ್ರಾಂಪ್ಟನ್ ನಗರದ ಮಾತು ಬಂದರೆ ಹಲವರು ಪಂಜಾಬಿ ಮತಗಳ ಲೆಕ್ಕ ಹೇಳಿಬಿಡುತ್ತಾರೆ. ಅಲ್ಲಿ ಎಷ್ಟೋ ಸಲ ಮುಖ್ಯ ಪಕ್ಷಗಳೆಲ್ಲದರ ಅಭ್ಯರ್ಥಿಗಳೂ ಪಂಜಾಬಿ ಮೂಲದವರೇ. ಗೆದ್ದವರ ಮೂಲ ನೋಡಿ ಪಕ್ಷದ ಬೆಂಬಲ ಅಳೆಯುವುದು ಹೇಗೆ? ಒಂದೇ ಮನೆಯಲ್ಲಿ ಟ್ರಕ್ ಓಡಿಸುವ ಅಪ್ಪ, ಆಸ್ಪತ್ರೆಯಲ್ಲಿ ದುಡಿಯುವ ಮಗಳು, ಮೊದಲ ಸಲ ಮತ ಹಾಕುವ ಮೊಮ್ಮಗ ಮೂರು ದಾರಿ ಹಿಡಿಯಬಹುದು. ಜನಗಣತಿಯ ಅಂಕಿಯನ್ನು ಬೂತಿನ ಅಂಕಿಯ ಪಕ್ಕದಲ್ಲಿಟ್ಟರೆ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ. ಉತ್ತರಕ್ಕೆ ಜನರನ್ನೇ ಕೇಳುವ ಸಮೀಕ್ಷೆ ಬೇಕು.

ತಪ್ಪು ಕಲ್ಪನೆ 6: ಹೆಸರು ಅದೇ ಇದ್ದರೆ ಕ್ಷೇತ್ರವೂ ಅದೇ, ಪಕ್ಷವೂ ಅದೇ.

ಸತ್ಯ: ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ನಂತರ, ಪ್ರತಿ ಪ್ರಾಂತ್ಯದಲ್ಲೂ ಸ್ವತಂತ್ರ ಆಯೋಗವೊಂದು ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆಯುತ್ತದೆ. 338 ಇದ್ದ ಸ್ಥಾನಗಳು 2025ರಲ್ಲಿ 343 ಆದದ್ದು ಹೀಗೆ. ಹಳೆಯ ಹೆಸರಿನ ಕ್ಷೇತ್ರದೊಳಗೆ ಹೊಸ ಬಡಾವಣೆಗಳು ಬಂದಿರುತ್ತವೆ, ಹಳೆಯವು ಹೊರಗೆ ಹೋಗಿರುತ್ತವೆ. ಎರಡು ಚುನಾವಣೆಗಳನ್ನು ಹೋಲಿಸಬೇಕಾದರೆ ಹಳೆಯ ಬೂತುಗಳ ಮತವನ್ನು ಹೊಸ ಗಡಿಗಳೊಳಗೆ ಮತ್ತೆ ಜೋಡಿಸಬೇಕು. ಇಲೆಕ್ಷನ್ಸ್ ಕೆನಡಾ ಆ ಕೆಲಸವನ್ನು ಮಾಡಿಯೇ ಪ್ರಕಟಿಸುತ್ತದೆ.

ಒಟ್ಟಾವಾ ಅಂಚಿನ ನೆಪಿಯನ್–ಕಾರ್ಲ್‌ಟನ್ ಕ್ಷೇತ್ರ 2004ರಿಂದ ಕನ್ಸರ್ವೇಟಿವ್ ಪಕ್ಷದ ಪಿಯರ್ ಪೊಯಿಲಿಯೆವ್ ಅವರದಾಗಿತ್ತು. 2015ರ ಹೊತ್ತಿಗೆ ಅದನ್ನು ಒಡೆದರು. ಅದರ ದೊಡ್ಡ ಭಾಗಗಳು ನೆಪಿಯನ್ ಮತ್ತು ಕಾರ್ಲ್‌ಟನ್ ಎಂಬ ಎರಡು ಕ್ಷೇತ್ರಗಳಿಗೆ ಹಂಚಿಹೋದವು. ಲಿಬರಲ್ ಅಲೆ ಎದ್ದಿದ್ದ ಆ ವರ್ಷ ಕಾರ್ಲ್‌ಟನ್ ನೀಲಿಯಾಗಿ ಉಳಿಯಿತು, ನೆಪಿಯನ್ ಕೆಂಪಾಯಿತು. ನೆಪಿಯನ್‌ನಲ್ಲಿ ಗೆದ್ದವರೇ ನಮ್ಮ ಚಂದ್ರ ಆರ್ಯ. 2025ರಲ್ಲಿ ಕಾರ್ಲ್‌ಟನ್ ಕೂಡ ಪೊಯಿಲಿಯೆವ್ ಅವರನ್ನು ಕೈಬಿಟ್ಟಿತು. ‘ಭದ್ರಕೋಟೆ’ ಎನ್ನುವ ಮುನ್ನ ಕೋಟೆಯ ಗೋಡೆ ಎಲ್ಲಿತ್ತು, ಈಗ ಎಲ್ಲಿದೆ ಎಂದು ನೋಡಬೇಕು.

ಪಕ್ಷದ ಹೆಸರೂ ಹೀಗೆಯೇ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2023ರವರೆಗೆ ಲಿಬರಲ್ ಎಂಬ ಹೆಸರು ಹೊತ್ತಿದ್ದ ಪಕ್ಷಕ್ಕೂ ದೇಶದ ಲಿಬರಲ್ ಪಕ್ಷಕ್ಕೂ ಸಂಘಟನೆಯ ನಂಟಿರಲಿಲ್ಲ. ಪ್ರಾಂತ್ಯದ ನಕ್ಷೆಯ ಮೇಲೆ ದೇಶದ ನಕ್ಷೆ ಹೊದಿಸಿ ‘ಬೆಂಬಲ ಕುಸಿಯಿತು’ ಎಂದರೆ ಅದು ಬೇರೆಯವರ ಲೆಕ್ಕ ತಂದು ಇವರ ಖಾತೆಗೆ ಬರೆದಂತೆ.

ಇನ್ನು ಆ ಮೊದಲ ಪ್ರಶ್ನೆ. 2015ರಲ್ಲಿ ನೆಪಿಯನ್‌ನಲ್ಲಿ ಚಂದ್ರ ಆರ್ಯರಿಗೆ ಬಿದ್ದ ಮತ 30 ಸಾವಿರಕ್ಕೂ ಹೆಚ್ಚು. ಕೆನಡಾದ ಯಾವ ಕ್ಷೇತ್ರದಲ್ಲೂ ಕನ್ನಡಿಗರು ಆ ಸಂಖ್ಯೆಯ ಹತ್ತಿರಕ್ಕೂ ಇಲ್ಲ. ಕನ್ನಡದ ಒಂದು ಪದವನ್ನೂ ಕೇಳಿರದ ಸಾವಿರಾರು ಮಂದಿ ಅವರಿಗೆ ಮತ ಕೊಟ್ಟರು. ಪಕ್ಷ ನೋಡಿ ಕೊಟ್ಟವರೆಷ್ಟು, ವ್ಯಕ್ತಿ ನೋಡಿ ಕೊಟ್ಟವರೆಷ್ಟು ಎಂಬುದನ್ನು ಯಾವ ಬೂತಿನ ನಕ್ಷೆಯೂ ಹೇಳಲಾರದು.

ಅದನ್ನು ನಕ್ಷೆಯ ಸೋಲು ಎಂದು ನಾನು ತಿಳಿಯುವುದಿಲ್ಲ. ಕೆನಡಾ 1874ರಲ್ಲಿ ಗುಪ್ತ ಮತದಾನದ ಕಾನೂನು ತಂದಿತು. ಅದಕ್ಕೂ ಮೊದಲು ಹೆಚ್ಚಿನ ಕಡೆ ಜನ ಎಲ್ಲರೆದುರು ಬಾಯಿಬಿಟ್ಟು ಮತ ಹೇಳಬೇಕಿತ್ತು. ಧಣಿಯ ಕಿವಿ ಅಲ್ಲೇ ಇರುತ್ತಿತ್ತು. ಈಗ ನಮಗೆ ಬೂತಿನ ಎಣಿಕೆ ಪೈಸೆ ಪೈಸೆ ಲೆಕ್ಕದಂತೆ ಸಿಗುತ್ತದೆ, ಮತದಾರರ ಹೆಸರು ಸಿಗುವುದಿಲ್ಲ. ಎಣಿಕೆ ಎಲ್ಲರ ಮುಂದೆ, ಆಯ್ಕೆ ಮಾತ್ರ ಅವರವರ ಮನಸ್ಸಿನೊಳಗೆ. ನಕ್ಷೆಯಲ್ಲಿ ನಮಗೆ ಕಾಣದ ಆ ಜಾಗ ಮತದಾರರಿಗೆ ಕೊಟ್ಟ ಮಾತು. ಅದನ್ನು ಊಹೆಯಿಂದ ತುಂಬದೆ ಬಿಡುವುದೂ ನಕ್ಷೆ ಓದುವ ಕಲೆಯೇ.